ಅಜ್ಜನ ಕಾಗದ ಓದಿಸಿದ ದಿನ

ಲಾ ಕಾಲೇಜಿಗೆ ಸೇರಿದ ಮೊದಲ ವಾರ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ, ಲಾ ಯಾಕೆ ಓದ್ತೀರಿ ಅಂತ ಕೇಳಿದರು. ಒಬ್ಬ ಜಡ್ಜ್ ಆಗಬೇಕು ಅಂದ. ಒಬ್ಬಳು ಸರ್ಕಾರಿ ವಕೀಲೆ ಅಂದಳು. ಇನ್ನೊಬ್ಬನಿಗೆ ಅಪ್ಪನ ಆಫೀಸೇ ಇತ್ತು. ನನ್ನ ಸರದಿ ಬಂದಾಗ "ಜನಕ್ಕೆ ನ್ಯಾಯ ಕೊಡಿಸೋಕೆ ಸರ್" ಅಂದು ಕೂತುಬಿಟ್ಟೆ. ಅದು ಸುಳ್ಳಲ್ಲ. ಆದರೆ ನಾನು ಅಲ್ಲಿಗೆ ಹೋಗಿದ್ದು ಅದಕ್ಕಲ್ಲ, ಒಂದು ಕಾಗದದ ಸಲುವಾಗಿ. ಅಷ್ಟು ಜನರ ಮುಂದೆ ಅದನ್ನ ಹೇಳೋಕೆ ಬಾಯಿ ಬರಲಿಲ್ಲ. ಇಲ್ಲಿ ಹೇಳ್ತೀನಿ.

ನಮ್ಮದು ರಾಯಚೂರು ತಾಲ್ಲೂಕು, ಯರಗೇರಾ ಕಡೆಯ ಹಳ್ಳಿ. ಎರಡೂವರೆ ಎಕರೆ ಹೊಲ ನಮ್ಮದು ಅಂತ ಅಪ್ಪ ರಾಯಚೂರು ಕೋರ್ಟಿನಲ್ಲಿ ದಾವೆ ಹಾಕಿದ್ದರು. ಹೊಲ ಉಳುತ್ತಿದ್ದವರು ಬೇರೆಯವರು, ಪಹಣಿಯಲ್ಲಿ ಹೆಸರೂ ಅವರದೇ. ಅಪ್ಪನ ಹತ್ತಿರ ಇದ್ದದ್ದು ಅಜ್ಜನ ಕಾಲದ ಒಂದೇ ಒಂದು ಕಾಗದ. ಅದು ಉರ್ದುವಿನಲ್ಲಿತ್ತು. ನಮ್ಮ ಕಡೆ ಇದು ಹೊಸದೇನಲ್ಲ. ರಾಯಚೂರು 1948ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ತಹಸೀಲಿನಿಂದ ಕೋರ್ಟಿನ ತನಕ ಬರವಣಿಗೆಯೆಲ್ಲ ಉರ್ದು. 1956ರಲ್ಲಿ ಈ ಕಡೆ ಸೇರಿದೆವು, ಕಚೇರಿಗೆ ಕನ್ನಡ ಬಂತು, ಟ್ರಂಕಿನಲ್ಲಿದ್ದ ಕಾಗದಗಳು ಮಾತ್ರ ಉರ್ದುವಿನಲ್ಲೇ ಉಳಿದವು. ಮನೆಯಲ್ಲಿ ಯಾರಿಗೂ ಓದೋಕೆ ಬರಲ್ಲ. ಆದರೂ ಅದು ಅಜ್ಜನ ಪಟ್ಟಾ, ಅಂದರೆ ಹೊಲದ ಹಕ್ಕುಪತ್ರ, ಅಂತ ಎಲ್ಲರೂ ನಂಬಿದ್ದೆವು. ಅಜ್ಜಿ ಹಂಗೆ ಹೇಳಿದ್ದಳಂತೆ.

ಆರು ವರ್ಷ ಕೇಸು ನಡೀತು. ನಡೀತು ಅಂದರೆ, ಅಪ್ಪ ತಾರೀಖಿಗೆ ಹೋಗಿ ಬಂದರು. ಬೆಳಿಗ್ಗೆ ಬಸ್ಸು, ಮಧ್ಯಾಹ್ನದ ತನಕ ಕಾಯೋದು, ಹೆಸರು ಕೂಗಿದಾಗ ಕೈ ಮುಗಿದು ಒಳಗೆ ನಿಲ್ಲೋದು, ಮುಂದಿನ ತಾರೀಖು ಬರೆಸಿಕೊಂಡು ಸಂಜೆಗೆ ವಾಪಸ್. ಒಳಗೆ ಏನು ಮಾತಾಡಿದರು ಅಂತ ಕೇಳಿದರೆ "ವಾಯ್ದೆ ಆತು" ಅನ್ನೋರು. ಅಷ್ಟೇ ಗೊತ್ತಿತ್ತು ಅವರಿಗೆ. ನಮ್ಮ ವಕೀಲರು ಆ ಕಾಗದದ ಜೆರಾಕ್ಸ್ ಫೈಲಿಗೆ ಸೇರಿಸಿ, ಭಾಷಾಂತರ ಆಮೇಲೆ ಮಾಡಿಸೋಣ ಅಂದಿದ್ದರು. ಆ ಆಮೇಲೆ ಬರಲೇ ಇಲ್ಲ.

2019ರಲ್ಲಿ ನಾನು ಬಿ.ಕಾಂ. ಮುಗಿಸಿ ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಂದು ತಾರೀಖಿಗೆ ಅಪ್ಪನಿಗೆ ಮೊಣಕಾಲು ನೋವು ಜಾಸ್ತಿ ಅಂತ ನಾನೂ ರಜೆ ಹಾಕಿ ಜೊತೆಗೆ ಹೋದೆ. ಹನ್ನೊಂದೂವರೆಗೇ ವಾಯ್ದೆ ಆಯ್ತು. ಇಡೀ ದಿನ ಖಾಲಿ. ಅಪ್ಪಾ, ಈ ಕಾಗದ ಒಂದ್ಸಲ ಓದಿಸೋಣ ನಡಿ ಅಂದೆ. ಅಪ್ಪ ಸುಮ್ನೆ ನನ್ನ ಮುಖ ನೋಡಿದರು. ಆರು ವರ್ಷದಲ್ಲಿ ಅವರಿಗೆ ಇದು ಹೊಳೆದಿರಲಿಲ್ಲ ಅಂತಲ್ಲ, ಓದೋದು ವಕೀಲರ ಕೆಲಸ, ನಾವು ಮಧ್ಯೆ ಕೈ ಹಾಕಿದರೆ ಅವರಿಗೆ ಸಿಟ್ಟು ಬರ್ತದೇನೋ ಅಂತ ಅಂಜಿಕೆ.

ತೀನ್ ಕಂದೀಲ್ ಹತ್ತಿರ ಉರ್ದು ಅರ್ಜಿ ಬರೆದುಕೊಡೋ ಒಬ್ಬ ಹಿರಿಯರು ಸಿಕ್ಕರು. ನಿವೃತ್ತ ಶಾಲೆ ಮೇಷ್ಟ್ರು. ಅಪ್ಪ ಅಂಗಿಯೊಳಗಿಂದ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನ ಗಂಟು ತೆಗೆದರು. ಅದರೊಳಗೆ ಬಟ್ಟೆ, ಬಟ್ಟೆಯೊಳಗೆ ಕಾಗದ. ನಾಲ್ಕು ಮಡಿಕೆ. ಮಡಿಕೆ ಹರಿದಲ್ಲಿ ಯಾವಾಗಲೋ ಅಂಟಿಸಿದ ಟೇಪು ಹಳದಿಯಾಗಿ, ಅದರ ಕೆಳಗಿನ ಎರಡು ಸಾಲು ಕರಗಿಹೋಗಿದ್ದವು. ಮೇಷ್ಟ್ರು ಭೂತಗನ್ನಡಿ ಇಟ್ಟು ಬಲಗಡೆಯಿಂದ ಬೆರಳು ಸರಿಸುತ್ತಾ ಓದಿದರು. ಫಸಲಿ 1352. ಅಂದರೆ ನಮ್ಮ ಲೆಕ್ಕಕ್ಕೆ 1942-43. ಊರಿನ ಹೆಸರು. ಅಜ್ಜನ ಹೆಸರು. ಅಜ್ಜನ ಹೆಸರು ಬಂದಾಗ ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹಾಲಿ ಸಿಕ್ಕಾ, ಅಂದರೆ ನಿಜಾಮರ ನಾಣ್ಯದ ಲೆಕ್ಕದಲ್ಲಿ ಒಂದಿಷ್ಟು ರೂಪಾಯಿ. ಮೇಷ್ಟ್ರು ಕನ್ನಡಿ ಕೆಳಗಿಟ್ಟು, "ಇದು ಪಟ್ಟಾ ಅಲ್ಲಪ್ಪ, ಕಂದಾಯ ಕಟ್ಟಿದ ರಸೀದಿ" ಅಂದರು. ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ.

ರಸೀದಿ ಅಂದರೆ ಕೇಸಿಗೆ ಏನು ಅರ್ಥ ಅಂತ ನಮ್ಮಿಬ್ಬರಿಗೂ ಗೊತ್ತಿಲ್ಲ. ಮತ್ತೆ ಕೋರ್ಟಿಗೆ ಬಂದೆವು. ನಮ್ಮ ವಕೀಲರು ಹೊರಟುಹೋಗಿದ್ದರು. ಆವರಣದ ಬೇವಿನ ಮರದ ಕೆಳಗೆ ಕೊರಳಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದು ನೀರು ಕುಡಿಯುತ್ತಿದ್ದ ಒಬ್ಬ ಜೂನಿಯರ್ ವಕೀಲೆ ಕಂಡರು. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವರು ಇರಬೇಕು. ಧೈರ್ಯ ಮಾಡಿ ಕೇಳಿದೆ. ಅವರು ಕಟ್ಟೆ ಮೇಲೆ ಅಪ್ಪನನ್ನ ಕೂರಿಸಿ, ತಾವೂ ಕೂತರು. "ಕಾಕಾ, ಈ ರಸೀದಿ ನಿಮ್ಮ ಅಪ್ಪ ಆ ವರ್ಷ ಕಂದಾಯ ಕಟ್ಯಾರ ಅಂತ ಹೇಳ್ತದ. ಹೊಲ ಅವರದು ಅಂತ ಹೇಳಲ್ಲ. ಆಮೇಲಿಂದ ಇಷ್ಟು ವರ್ಷದ ಪಹಣಿ ಎದುರಿನವರ ಹೆಸರಿಗದ, ಉಳೋರೂ ಅವರೇ. ಇದೊಂದೇ ಕಾಗದ ಇಟ್ಕೊಂಡು ಕೇಸ್ ಗೆಲ್ಲೋದು ಕಷ್ಟ." ಹತ್ತು ನಿಮಿಷ. ಅಪ್ಪನಿಗೆ ಪೂರ್ತಿ ತಿಳೀತು. ಆರು ವರ್ಷದಲ್ಲಿ ಯಾರೂ ಅವರ ಜೊತೆ ಕೂತು ಹೀಗೆ ಮಾತಾಡಿರಲಿಲ್ಲ.

ಬಸ್ಸಿನಲ್ಲಿ ಅಪ್ಪ ಅಳಲಿಲ್ಲ. "ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲ" ಅಂದರು, ಯರಗೇರಾ ಬರೋ ತನಕ ಮತ್ತೆ ಮಾತಿಲ್ಲ. ನನಗೆ ಹೊಲ ಹೋಯ್ತು ಅನ್ನೋ ಸಂಕಟ ಅಷ್ಟಿರಲಿಲ್ಲ. ಮನುಷ್ಯನೊಬ್ಬ ತನ್ನದೇ ಕೇಸಿನಲ್ಲಿ ಆರು ವರ್ಷ ಕಿವುಡನ ಹಾಗೆ ನಿಂತಿದ್ದು ತಡೆಯೋಕೆ ಆಗಲಿಲ್ಲ. ಆ ವಕೀಲೆಯ ಕೆಲಸ ನಾನೂ ಮಾಡಬೇಕು ಅಂತ ಆ ಬಸ್ಸಿನಲ್ಲೇ ಅನ್ನಿಸಿಬಿಟ್ಟಿತ್ತು.

ಕೇಸು ಆಮೇಲೆ ಲೋಕ ಅದಾಲತ್ತಿನಲ್ಲಿ ರಾಜಿಯಾಯ್ತು. ಹೊಲ ಅವರಿಗೇ ಉಳೀತು, ಹಿಂದಿರೋ ನಮ್ಮ ಇನ್ನೊಂದು ತುಂಡು ಹೊಲಕ್ಕೆ ಬಂಡಿ ದಾರಿ ಬಿಟ್ಟುಕೊಟ್ಟರು. ಕಟ್ಟಿದ ಕೋರ್ಟ್ ಫೀಯೂ ವಾಪಸ್ ಬಂತು. ಈಗ ಎರಡೂ ಮನೆಯವರು ಮದುವೆಗೆ ಕರೀತೀವಿ.

ದುಡ್ಡು ಕೂಡಿಸಿ ಮೂರು ವರ್ಷದ ಎಲ್‌ಎಲ್‌ಬಿ ಸೇರೋಷ್ಟರಲ್ಲಿ ನಾಲ್ಕು ವರ್ಷ ಆಯ್ತು. ಭೂಕಂದಾಯದ ಪಾಠದಲ್ಲಿ 1964ರ ಕಾಯ್ದೆಯ 133ನೇ ಕಲಂ ಬಂದ ದಿನ ಮೈ ಜುಂ ಅಂತು. ಪಹಣಿಯಲ್ಲಿ ಇರೋದು ನಿಜ ಅಂತಲೇ ಇಟ್ಟುಕೊಳ್ಳಬೇಕು, ಅದು ತಪ್ಪು ಅಂತ ಸಾಬೀತಾಗೋ ತನಕ ಅಥವಾ ಕಾನೂನು ಪ್ರಕಾರ ಹೊಸ ನಮೂದು ಬರೋ ತನಕ. ಬೇವಿನ ಮರದ ಕೆಳಗೆ ಕೇಳಿದ್ದು ಇದೇ ಅಲ್ವಾ! ನಮ್ಮಂಥ ಮನೆಯವರಿಗೆ ಇನ್ನೊಂದು ಒಳ್ಳೆ ಸುದ್ದಿ 2024ರಲ್ಲಿ ಬಂತು. ವಕೀಲರಾಗಿ ಹೆಸರು ನೋಂದಾಯಿಸೋಕೆ ಬಾರ್ ಕೌನ್ಸಿಲ್‌ಗಳು 750 ರೂಪಾಯಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ, ಎಸ್‌ಸಿ, ಎಸ್‌ಟಿಯವರಿಗೆ 125 ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೆ ಮೊದಲು ಸಾವಿರಗಟ್ಟಲೆ ಇತ್ತು.

ರಜೆ ಇದ್ದಾಗ ತೀನ್ ಕಂದೀಲಿನ ಆ ಮೇಷ್ಟ್ರ ಹತ್ತಿರ ಉರ್ದು ಅಕ್ಷರ ಕಲಿಯುತ್ತಿದ್ದೀನಿ. ಅಲಿಫ್, ಬೇ ದಾಟಿ ಈಗ ಕೂಡಿಸಿ ಓದೋಕೆ ಬರ್ತದೆ, ಅಂಕಿ ಇನ್ನೂ ಕೈಗೆ ಹತ್ತಿಲ್ಲ. ಮೊನ್ನೆ ಅಪ್ಪ ಆ ಗಂಟು ಬಿಚ್ಚಿ ರಸೀದಿ ನನ್ನ ಮುಂದಿಟ್ಟರು. ಅಜ್ಜನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದ ಸಾಲು ತೋರಿಸಿ, "ಇಲ್ಲೇನದ?" ಅಂತ ಕೇಳಿದರು.