ಕಾಫಿ ಆಗಿದ್ರೆ ಕಳೀತಿದ್ದೆ ಸಾರ್

"ಕಾಫಿ ಆಗಿದ್ರೆ ತೇವಕ್ಕೆ ಅಂತ ಕಳೀತಿದ್ದೆ ಸಾರ್. ಇದು ಗಾಂಜಾ ಅಲ್ವಾ, ಬಂದಷ್ಟು ಬರೆಸಿದೆ."

ಮಂಗಳವಾರ ಕೇಳಿದ ಈ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ನಾನು ಸರ್ಕಾರಿ ವಕೀಲೆ. ಹೇಳಿದವನು ಒಂದು ಗಾಂಜಾ ಕೇಸಿನಲ್ಲಿ ನನ್ನ ಸಾಕ್ಷಿ, ಅಂದರೆ ಸರ್ಕಾರದ ಕಡೆಯವನು. ಆದರೆ ಅವನ ಉತ್ತರ ಬೇಕಾಗಿದ್ದದ್ದು ಆರೋಪಿಯ ವಕೀಲರಿಗೆ.

ಕೇಸು ಇನ್ನೂ ನಡೀತಾ ಇದೆ. ಹಾಗಾಗಿ ಊರು, ಹೆಸರು ಬೇಡ. ತೋಟದ ಕೆಲಸದವರ ಲೈನ್ ಮನೆ, ಹಿಂದೆ ಸೌದೆ ಕೊಟ್ಟಿಗೆ, ಅದರೊಳಗೆ ಎರಡು ಗೋಣಿಚೀಲ. ಜುಲೈ ತಿಂಗಳು. ಕೊಡಗಿನ ಜುಲೈ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ದಾಳಿಗೆ ಹೊರಟ ಪೊಲೀಸರಿಗೆ ತಕ್ಕಡಿ ಬೇಕಿತ್ತು. ಪೇಟೆಯಲ್ಲಿ ಕಾಫಿ, ಕರಿಮೆಣಸು ಕೊಳ್ಳುವ ಅಂಗಡಿಯಿಂದ ತಕ್ಕಡಿ ಎತ್ತಿಕೊಂಡರು. ಅದರ ಜೊತೆಗೆ ತೂಕ ಮಾಡುವವನನ್ನೂ ಜೀಪು ಹತ್ತಿಸಿದರು. ತಕ್ಕಡಿಯೂ ಆಯಿತು, ಜಪ್ತಿಗೆ ಸಾಕ್ಷಿಯಾಗಿ ನಿಲ್ಲಲು ಪಂಚನೂ ಸಿಕ್ಕಿದ. ಆ ಪಂಚನೇ ಈ ಸಾಕ್ಷಿ. ಜಪ್ತಿ ಮಾಡುವಾಗ ಬರೆದ ಮಹಜರಿನಲ್ಲಿ ಬಂದ ತೂಕ 21 ಕಿಲೋ 300 ಗ್ರಾಂ.

ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎಲ್ಲವೂ ತೂಕದ ಮೇಲೆ ನಿಂತಿದೆ. ಗಾಂಜಾ ಒಂದು ಕಿಲೋ ಒಳಗಿದ್ದರೆ ಅದು ಸಣ್ಣ ಪ್ರಮಾಣ, ಹೆಚ್ಚೆಂದರೆ ಒಂದು ವರ್ಷ ಶಿಕ್ಷೆ. ಒಂದರಿಂದ 20 ಕಿಲೋವರೆಗೆ ಹತ್ತು ವರ್ಷದ ತನಕ ಕೊಡಬಹುದು, ಕಮ್ಮಿಯನ್ನೂ ಕೊಡಬಹುದು. 20 ದಾಟಿತೋ, ಅದು ವಾಣಿಜ್ಯ ಪ್ರಮಾಣ. ಹತ್ತು ವರ್ಷಕ್ಕಿಂತ ಕಮ್ಮಿ ಕೊಡಲು ನ್ಯಾಯಾಧೀಶರಿಗೂ ಅಧಿಕಾರ ಇಲ್ಲ. ದಂಡ ಬೇರೆ, ಕನಿಷ್ಠ ಒಂದು ಲಕ್ಷ. ಜಾಮೀನಿಗೆ 37ನೇ ಕಲಮು ಅಡ್ಡ ಬರುತ್ತದೆ. ಇವನು ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣ ಇದೆ ಅಂತ ಕೋರ್ಟಿಗೆ ಅನ್ನಿಸಬೇಕು. ಅದೂ ನಾನು ಎದ್ದು ತಕರಾರು ಹೇಳಿದ ಮೇಲೆ! ನಮ್ಮ ಆರೋಪಿ ಅವತ್ತು ಒಳಗೆ ಹೋದವನು ಇವತ್ತಿಗೂ ಒಳಗೇ ಇದ್ದಾನೆ. ಅದಕ್ಕೆ ಕಾರಣ ಆ 1 ಕಿಲೋ 300 ಗ್ರಾಂ.

ಆರೋಪಿಯ ವಕೀಲ ಚಿಕ್ಕ ಹುಡುಗ. ನಿಜ ಹೇಳುತ್ತೇನೆ, ಅವನ ಬಗ್ಗೆ ನನಗೆ ದೊಡ್ಡ ಅಭಿಪ್ರಾಯ ಇರಲಿಲ್ಲ. ಫೈಲು ಓದುವುದಕ್ಕಿಂತ ವಾಯಿದೆ ಕೇಳುವುದೇ ಜಾಸ್ತಿ. ಆದರೆ ಅವತ್ತು ಓದಿಕೊಂಡು ಬಂದಿದ್ದ. ಪಾಟೀ ಸವಾಲಿನಲ್ಲಿ ಜೋರು ದನಿ ಇಲ್ಲ, ನಾಟಕ ಇಲ್ಲ.

"ಚೀಲದಲ್ಲಿ ಏನಿತ್ತು?"

"ಗಿಡ ಸಾರ್."

"ಬರೀ ಹೂವಾ?"

"ಹೂವು ತುದೀಲಿ. ಎಲೆ, ಕಡ್ಡಿ, ಬೇರು ಎಲ್ಲಾ ಇತ್ತು. ಬೇರಲ್ಲಿ ಮಣ್ಣೂ ಇತ್ತು."

"ಒಣಗಿತ್ತಾ?"

"ಎಲ್ಲಿ ಒಣಗೋದು ಸಾರ್, ಚೀಲದಿಂದ ನೀರು ಇಳೀತಿತ್ತು."

"ಹಾಗೇ ತೂಗಿದಿರಾ?"

ಆಗ ಬಂದದ್ದು ಆ ಕಾಫಿ ಮಾತು. ಕೋರ್ಟ್ ಹಾಲ್ ಪೂರ್ತಿ ನಕ್ಕಿತು, ಟೈಪಿಸ್ಟ್ ಕೂಡ ನಕ್ಕರು. ನ್ಯಾಯಾಧೀಶರು ಮಾತ್ರ ನಗದೆ, ಅವನು ಹೇಳಿದ್ದನ್ನು ಹಾಗೇ ಬರೆಸಿದರು. ಎಲ್ಲರೂ ಯಾಕೆ ನಗುತ್ತಾರೆ ಎಂದು ಪಾಪ ಅವನಿಗೆ ಗೊತ್ತಾಗಲಿಲ್ಲ. ತನ್ನ ಕಸುಬಿನ ಬಗ್ಗೆ ಕೇಳಿದರು, ಕಸುಬುದಾರನ ಹಾಗೆ ಉತ್ತರ ಕೊಟ್ಟ, ಅಷ್ಟೇ.

ಹಿಂದೆ ಕೂತಿದ್ದ ಇನ್ಸ್‌ಪೆಕ್ಟರ್ ಬಗ್ಗಿ ನನ್ನ ಕಿವಿಯಲ್ಲಿ, "ಹೋಸ್ಟೈಲ್ ಮಾಡಿಬಿಡಿ ಮೇಡಂ" ಎಂದರು. ಪೊಲೀಸರಿಗೆ ಇದೊಂದು ಅಭ್ಯಾಸ. ತಮಗೆ ಒಪ್ಪದ್ದು ಸಾಕ್ಷಿಯ ಬಾಯಿಂದ ಬಂದ ಕೂಡಲೇ ಅವನು ಕೈತಿರುಗಿದ ಎಂದೇ ಲೆಕ್ಕ. ನಾನು ಹಾಗೆ ಮಾಡಲಿಲ್ಲ. ಮರುವಿಚಾರಣೆಯಲ್ಲಿ ಒಂದೇ ಪ್ರಶ್ನೆ ಕೇಳಿದೆ. ಹೀಗೆ ಹೇಳು ಅಂತ ಯಾರಾದರೂ ಹೇಳಿಕೊಟ್ಟರಾ?

"ತೂಕದ ವಿಷ್ಯ ನಂಗೆ ಯಾರು ಹೇಳ್ಕೊಡ್ಬೇಕು ಮೇಡಂ?"

ಸ್ವಲ್ಪ ಸಿಟ್ಟಿನಿಂದಲೇ ಹೇಳಿದ.

ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಬಿಟ್ಟ ತುದಿ. ತುದಿ ಜೊತೆಗಿಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಎಲೆಯಿಂದ ಮಾಡುವ ಭಾಂಗ್ ಗಾಂಜಾ ಅಲ್ಲ ಎಂಬ ವಾದ ಒಪ್ಪಿ ನಮ್ಮ ಕರ್ನಾಟಕ ಹೈಕೋರ್ಟೇ 2022ರಲ್ಲಿ ಒಬ್ಬನಿಗೆ ಜಾಮೀನು ಕೊಟ್ಟಿದೆ. ಹಾಗಾದರೆ ಬೇರು? ಬೇರಿನ ಮಣ್ಣು? ಮಳೆ ನೀರು? ನನ್ನ ಕೈಯಲ್ಲೂ ಅಸ್ತ್ರ ಇಲ್ಲದೆ ಇಲ್ಲ. 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮಾದಕ ವಸ್ತುವಿಗೆ ಬೇರೇನೋ ಬೆರೆಸಿದ್ದರೆ ಬೆರಕೆಯನ್ನೂ ಸೇರಿಸಿಯೇ ತೂಕ ಹಿಡಿಯಬೇಕು ಎಂದಿದೆ. ಆದರೆ ಅದು ಹೆರಾಯಿನ್‌ಗೆ ಪುಡಿ ಬೆರೆಸಿ ಮಾರುವವರ ಮಾತು. ಗಿಡಕ್ಕೆ ಬೇರನ್ನು ಯಾರೂ ಬೆರೆಸುವುದಿಲ್ಲ, ಅಲ್ವಾ? ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ನೋಡಿದರೆ ಅದು ಕಳಿಸಿದ ಸ್ಯಾಂಪಲ್ ಗಾಂಜಾ ಎಂದಷ್ಟೇ ಹೇಳುತ್ತದೆ. ಚೀಲದಲ್ಲಿ ಹೂವು ಎಷ್ಟು ಎಂದು ಅದರಲ್ಲಿ ಇಲ್ಲ. 52ಎ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟ್ ಮುಂದೆ ಜಪ್ತಿ ಮಾಲಿನ ಪಟ್ಟಿ ಮಾಡಿಸಿದಾಗಲಾದರೂ ಮತ್ತೆ ತೂಗಬಹುದಿತ್ತು. ತೂಗಲಿಲ್ಲ, ಮಹಜರಿನ ಅಂಕಿಯನ್ನೇ ಇಳಿಸಿಕೊಂಡರು. ಅಲ್ಲಿಗೆ ಒಬ್ಬ ಮನುಷ್ಯನ ಹತ್ತು ವರ್ಷ ಕಾಫಿ ಅಂಗಡಿಯ ತಕ್ಕಡಿ ಮೇಲೆ ಬಂದು ಕೂತಿತು.

ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದೆ. ನಮಗೂ ಸ್ವಲ್ಪ ರೋಬಸ್ಟಾ ಇದೆ. ಅವರಿಗೆ ಕಾಯ್ದೆಯ ವಿಷಯ ಕಿವಿಗೇ ಹೋಗಲಿಲ್ಲ. "ಅಂಗಡಿಯವರು ನಮ್ಮ ಒಣಗಿದ ಚೆರ್ರಿಗೂ ತೇವ ಅಂತ ಕಳೀತಾರಲ್ಲ! ಚೆರ್ರಿಯಿಂದ ಸಿಗೋ ಬೀಜದ ಲೆಕ್ಕ, ಆ ಔಟ್‌ಟರ್ನ್, 28 ಬರೋದನ್ನ 26 ಅಂತಾರೆ. ಕೋರ್ಟಲ್ಲಿ ಮಾತ್ರ ಹರಿಶ್ಚಂದ್ರ" ಎಂದರು. ಬೆಳೆಗಾರರ ಸಿಟ್ಟು ಸುಳ್ಳಲ್ಲ. ಆದರೂ ಕಳೆಯಬೇಕು ಎಂಬ ಯೋಚನೆ ಬಂದದ್ದು ಆ ಕಳೆಯುವವನಿಗೆ ಮಾತ್ರ. ಜೀಪಿನಲ್ಲಿದ್ದ ಯಾರಿಗೂ ಬರಲಿಲ್ಲ.

ನಾನು ಗಾಂಜಾದ ಪರ ಅಲ್ಲ. ಹದಿನೆಂಟು ದಾಟದ ಹುಡುಗರು ಹಾಳಾಗಿದ್ದನ್ನು ಕಂಡಿದ್ದೇನೆ. ಚಟ ಬಿಡಲು ತಾನಾಗಿ ಚಿಕಿತ್ಸೆಗೆ ಬಂದವನಿಗೆ ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಕೊಡುವ 64ಎ ಕಲಮು ಇದೇ ಕಾಯ್ದೆಯಲ್ಲಿದೆ. ಅದನ್ನು ಅಮ್ಮಂದಿರಿಗೆ ಹೇಳುವವರೇ ಇಲ್ಲ. ನಾನು ಹೇಳಿದರೆ, "ಮೇಡಂ, ನೀವು ಯಾವ ಕಡೆ?" ಎಂದು ಕೇಳುತ್ತಾರೆ.

ಆದರೆ ಈ ತೂಕದ ಲೆಕ್ಕದಲ್ಲಿ ಏನೋ ಒಂದು ಚುಚ್ಚುತ್ತದೆ. ಪಾರ್ಟಿಗಳಲ್ಲಿ ಓಡಾಡುವ ಎಂಡಿಎಂಎ ಎಂಬ ಮಾದಕ ವಸ್ತುವಿಗೆ ಸಣ್ಣ ಪ್ರಮಾಣ ಅರ್ಧ ಗ್ರಾಂ, ವಾಣಿಜ್ಯ ಪ್ರಮಾಣ ಹತ್ತು ಗ್ರಾಂ. ಹೋಮ್‌ಸ್ಟೇಗೆ ಬರುವ ಹುಡುಗರ ಹತ್ತಿರ ಸಿಗುವುದು ಮೂರೋ ನಾಲ್ಕೋ ಗ್ರಾಂ. ಆ ಪುಡಿಯನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ಇಡುತ್ತಾರೆ, ಪ್ಲಾಸ್ಟಿಕ್ ಕವರಿನ ತೂಕವನ್ನೂ ಬಿಡದೆ ಕಳೆಯುತ್ತಾರೆ. 37 ಅಡ್ಡ ಬರುವುದಿಲ್ಲ. ಅಪ್ಪಂದಿರು ಕಾರು ತಂದು ಕರೆದುಕೊಂಡು ಹೋಗುತ್ತಾರೆ. ಕವರು ಕಳೆಯುವುದು ತಪ್ಪು ಎನ್ನುತ್ತಿಲ್ಲ. ಗೋಣಿಚೀಲದ ನೀರನ್ನು ಯಾಕೆ ಕಳೆಯಲಿಲ್ಲ ಎಂದು ಕೇಳುತ್ತಿದ್ದೇನೆ.

ಗುರುವಾರ ಇನ್ಸ್‌ಪೆಕ್ಟರ್ ಫೋನ್ ಮಾಡಿದ್ದರು. ಮುನಿಸಿಕೊಂಡಿದ್ದರೂ ಕೆಲಸದ ಮನುಷ್ಯ, ಅದನ್ನು ಒಪ್ಪಬೇಕು. ಇನ್ನು ಮುಂದೆ ಏನು ಮಾಡಬೇಕು ಎಂದು ಕೇಳಿದರು. ಬೇರು ಕತ್ತರಿಸಿ, ಹೂವು ಬೇರೆ, ಎಲೆ ಬೇರೆ ಮಾಡಿ ತೂಗಿ, ಎರಡನ್ನೂ ಮಹಜರಿನಲ್ಲಿ ಬರೆಯಿರಿ ಎಂದೆ.

"ಮಳೇಲಿ ಕೂತು ಹೂ ಬಿಡಿಸೋದಾ ಮೇಡಂ? ದಾಳಿಗೆ ಜೊತೆಗೆ ಬಂದ ಗೆಜೆಟೆಡ್ ಆಫೀಸರ್ ಅಷ್ಟೊತ್ತು ನಿಲ್ತಾರಾ?"

ನಿಲ್ಲದಿದ್ದರೆ ಎಷ್ಟು ಗಂಟೆಗೆ ಹೊರಟರು ಎಂದೂ ಬರೆಯಿರಿ ಎಂದೆ. ಅವರು ನಕ್ಕರು. ವಾದಕ್ಕೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ಹೀರಾ ಸಿಂಗ್ ತೀರ್ಪನ್ನು ಓದಿ ಹೇಳುತ್ತೇನೆ, ಅದು ನನ್ನ ಕೆಲಸ. ಪಂಚ ಹೇಳಿದ್ದು ಸುಳ್ಳು ಎಂದು ಮಾತ್ರ ವಾದಿಸುವುದಿಲ್ಲ. ಇದನ್ನೂ ಅವರಿಗೆ ಫೋನಿನಲ್ಲೇ ಹೇಳಿದೆ. ಆಮೇಲೆ ಅವರು ನಗಲಿಲ್ಲ.