ಬೇರಿಂಗ್ ಜಲಸಂಧಿ ತೆರೆದಿತ್ತಾ, ಮುಚ್ಚಿತ್ತಾ?

ಹಿಂದಿನ ಕಾಲದ ಹವಾಮಾನವನ್ನು ಕಂಪ್ಯೂಟರ್ ಮಾಡೆಲ್‌ನಲ್ಲಿ ಓಡಿಸಿ ನೋಡಬೇಕಾದರೆ ಮೊದಲು ಆ ಕಾಲದ ಭೂಪಟ ಬೇಕು. ಬೆಟ್ಟ ಎಷ್ಟು ಎತ್ತರ, ಕಡಲು ಎಷ್ಟು ಆಳ, ಹಿಮ ಎಲ್ಲಿಯವರೆಗೆ, ಯಾವ ನದಿ ಎಲ್ಲಿ ಸಮುದ್ರ ಸೇರುತ್ತಿತ್ತು, ಇವೆಲ್ಲ ಅದರಲ್ಲಿರಬೇಕು. ಅದನ್ನು ಸಿದ್ಧಮಾಡಿ ಕೊಡುವುದು ನನ್ನ ಕೆಲಸ. ಹೊಸಬರು ಸೇರಿದಾಗ ಹೇಳುವ ಮೊದಲ ಮಾತು: ಖಂಡಗಳಿಗಿಂತ ಜಲಸಂಧಿಗಳ ಮೇಲೆ ಜಾಸ್ತಿ ಹೊತ್ತು ಕಳೆಯಿರಿ.

ಪ್ಲಯೋಸೀನ್ ಕಾಲವನ್ನೇ ನೋಡಿ. ಸುಮಾರು 30 ಲಕ್ಷ ವರ್ಷಗಳ ಹಿಂದಿನ ಮಾತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 400 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಗೆ 400 ಭಾಗ) ಆಸುಪಾಸು, ಹೆಚ್ಚುಕಡಿಮೆ ಈಗಿನಷ್ಟೇ. ಅದಕ್ಕೇ ಎಲ್ಲರಿಗೂ ಅದರ ಮೇಲೆ ಕಣ್ಣು. ಖಂಡಗಳೂ ಬಹುಮಟ್ಟಿಗೆ ಈಗಿದ್ದಲ್ಲೇ ಇದ್ದವು. ಹಾಗಾದರೆ ಇವತ್ತಿನ ಭೂಪಟವನ್ನೇ ಹಾಕಿದರೆ ಆಯ್ತಲ್ವಾ? ಆಗಲ್ಲ. ಈ ಕಾಲದ ಹವಾಮಾನವನ್ನು ತಮ್ಮ ತಮ್ಮ ಮಾಡೆಲ್‌ಗಳಲ್ಲಿ ಓಡಿಸಿ ಹೋಲಿಸಿ ನೋಡುವ ಪ್ಲಯೋಮಿಪ್2 ಎಂಬ ಯೋಜನೆಯಲ್ಲಿ ಹಲವು ದೇಶಗಳ ತಂಡಗಳು ಬಳಸುವ ಭೂಪಟದಲ್ಲಿ ಕೆನಡಾದ ಹಡ್ಸನ್ ಕೊಲ್ಲಿ ಒಣನೆಲ, ಗ್ರೀನ್‌ಲ್ಯಾಂಡ್‌ನ ಹಿಮ ಬಹಳ ಕಡಿಮೆ, ರಷ್ಯಾ-ಅಲಾಸ್ಕಾ ನಡುವಿನ ಬೇರಿಂಗ್ ಜಲಸಂಧಿ ಮುಚ್ಚಿದೆ.

ಬೇರಿಂಗ್ ಈಗ ಸುಮಾರು 85 ಕಿ.ಮೀ. ಅಗಲ, 50 ಮೀಟರ್ ಆಳ. ಅದರ ಮೂಲಕ ಪೆಸಿಫಿಕ್‌ನ ಉಪ್ಪು ಕಡಿಮೆಯಿರುವ ನೀರು ಆರ್ಕ್ಟಿಕ್‌ಗೆ ಹೋಗಿ, ಅಲ್ಲಿಂದ ಅಟ್ಲಾಂಟಿಕ್‌ಗೆ ಇಳಿಯುತ್ತದೆ. ಮುಚ್ಚಿದರೆ ಉತ್ತರ ಅಟ್ಲಾಂಟಿಕ್‌ನ ಮೇಲ್ನೀರು ಉಪ್ಪಾಗಿ, ಭಾರವಾಗಿ, ಚೆನ್ನಾಗಿ ಮುಳುಗುತ್ತದೆ. ಆ ಸಾಗರದ ದೊಡ್ಡ ಪ್ರವಾಹವೇ ಜೋರಾಗುತ್ತದೆ. ಇಷ್ಟು ಚಿಕ್ಕ ಕಿಂಡಿಗೆ ಇಷ್ಟು ಶಕ್ತಿ!

ಮಾಡೆಲ್ ಭೂಮಿಯನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತದೆ; ಈ ಚೌಕಗಳ ಜಾಲವೇ ಗ್ರಿಡ್. ಬೇರಿಂಗ್ ಇರುವ ಅಕ್ಷಾಂಶದಲ್ಲಿ 1 ಡಿಗ್ರಿ ಗ್ರಿಡ್‌ನ ಒಂದು ಚೌಕ ಪೂರ್ವ-ಪಶ್ಚಿಮವಾಗಿ 45 ಕಿ.ಮೀ. ಆಗುತ್ತದೆ. ಕೆಲವು ಮಾಡೆಲ್‌ಗಳಲ್ಲಿ ನೀರಿನ ವೇಗವನ್ನು ಲೆಕ್ಕ ಹಾಕುವುದು ಚೌಕದ ಮೂಲೆಯಲ್ಲಿ. ಅಂಥ ಮಾಡೆಲ್‌ನಲ್ಲಿ ಜಲಸಂಧಿ ಎರಡು ಚೌಕ ಅಗಲ ಇಲ್ಲದಿದ್ದರೆ ನೀರು ಹರಿಯುವುದೇ ಇಲ್ಲ. ಚಿತ್ರದಲ್ಲಿ ನೀಲಿ ಕಾಣುತ್ತದೆ, ಮಾಡೆಲ್ ಪಾಲಿಗೆ ಗೋಡೆ. ಹಾಗಾಗಿ ಚಿತ್ರ ನೋಡಿ ಒಪ್ಪಬೇಡಿ, ಪರೀಕ್ಷೆಗೆ ಓಡಿಸಿ ಹರಿವನ್ನು ಅಳೆಯಿರಿ.

ನದಿಗಳದ್ದೂ ಇದೇ ಕಥೆ. ಹಡ್ಸನ್ ಕೊಲ್ಲಿಯನ್ನು ನೆಲ ಮಾಡಿದ ಮೇಲೆ ಅಲ್ಲಿಗೆ ಬೀಳುತ್ತಿದ್ದ ನದಿಗಳಿಗೆ ಲ್ಯಾಬ್ರಡಾರ್ ಸಮುದ್ರದವರೆಗೆ ದಾರಿ ಮಾಡಿಕೊಡಬೇಕು. ಮಧ್ಯೆ ಒಂದು ಗುಂಡಿ ಉಳಿದರೂ ನೀರು ಅಲ್ಲೇ ನಿಲ್ಲುತ್ತದೆ. ವರ್ಷ ಉರುಳಿದಂತೆ ಸಾಗರದ ಉಪ್ಪಿನ ಲೆಕ್ಕ ಸುಮ್ನೆ ತಪ್ಪುತ್ತಾ ಹೋಗುತ್ತದೆ.

ಬೇರಿಂಗ್ ಮುಚ್ಚಿತ್ತು ಅನ್ನುವುದೂ ಪೂರ್ತಿ ಇತ್ಯರ್ಥವಾದ ವಿಷಯವಲ್ಲ. ಆರ್ಕ್ಟಿಕ್ ಕಡೆಯ ಅಸ್ಟಾರ್ಟೆ ಎಂಬ ಚಿಪ್ಪುಜೀವಿಯ ಪಳೆಯುಳಿಕೆ ಪೆಸಿಫಿಕ್ ಕಡೆಯ ದಕ್ಷಿಣ ಅಲಾಸ್ಕಾದಲ್ಲಿ ಸಿಕ್ಕಿದೆ. ಅಂದರೆ ಜಲಸಂಧಿ ಪ್ಲಯೋಸೀನ್‌ನ ಈ ಘಟ್ಟಕ್ಕಿಂತ ಬಹಳ ಮೊದಲೇ ಒಮ್ಮೆ ತೆರೆದಿತ್ತು. ಆಮೇಲೆ ಯಾವಾಗ ಮುಚ್ಚಿತು, ಎಷ್ಟು ಕಾಲ ಮುಚ್ಚಿತ್ತು ಅನ್ನುವುದು ತೀರ್ಮಾನಕ್ಕೆ ಬಿಟ್ಟ ವಿಷಯ.

ಅದಕ್ಕೇ ಬದಲಿಸಿದ ಪ್ರತಿ ಚೌಕದ ಎದುರು ಕಾರಣ ಬರೆದಿಡುತ್ತೇನೆ: ಇದು ಬಂಡೆ ಹೇಳಿದ್ದಾ, ಮಾಡೆಲ್ ಓಡಲಿ ಅಂತ ಮಾಡಿದ್ದಾ? ಎರಡನ್ನೂ ಬೆರೆಸಬಾರದು. ಬೇರಿಂಗ್ ವಿಷಯದಲ್ಲಂತೂ ತೆರೆದದ್ದೊಂದು, ಮುಚ್ಚಿದ್ದೊಂದು, ಎರಡು ಭೂಪಟ ಕೊಟ್ಟು ಎರಡನ್ನೂ ಓಡಿಸಿ ಎಂದು ಕೇಳುತ್ತೇನೆ. ಕಂಪ್ಯೂಟರ್ ಸಮಯ ದುಪ್ಪಟ್ಟು ಬೇಕಾಗುತ್ತದೆ, ನಿಜ. ಆದರೆ ಅಟ್ಲಾಂಟಿಕ್ ಬೆಚ್ಚಗಾದದ್ದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್‌ನಿಂದ ಎಷ್ಟು, ನಾವು ಮುಚ್ಚಿದ ಕಿಂಡಿಯಿಂದ ಎಷ್ಟು ಅಂತ ಬೇರ್ಪಡಿಸಲು ಅದು ಬೇಕೇ ಬೇಕು.