ಮಳೆಗಾಲದ ಇರುಳು, ಕಪ್ಪೆಗೆ ಓರೆ ಬೆಳಕು

ಆಗುಂಬೆಯ ಮಳೆಗಾಲದಲ್ಲಿ ಮಲಬಾರ್ ಹಾರುವ ಕಪ್ಪೆಯ ಚಿತ್ರ ತೆಗೆಯಲು ಹೊರಟವರು ಮೊದಲು ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಯಿಂದ ಇಳಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡಂತಿದ್ದರೆ ಅದರ ಮುಂದೆ ಬೀಳುವ ಮಳೆಹನಿಗಳೆಲ್ಲ ಬೆಳಗಿ ಚಿತ್ರದ ತುಂಬ ಬಿಳಿ ಚುಕ್ಕೆಗಳಾಗುತ್ತವೆ. ಜೊತೆಗೆ ಒದ್ದೆಯಾದ ಹಸಿರು ಚರ್ಮ ಕನ್ನಡಿಯಂತೆ ಹೊಳೆದು, ಅದರ ಮೇಲಿನ ನವಿರಾದ ತರಿಗಳು ಅಳಿಸಿಹೋಗುತ್ತವೆ.

ನಾನು ರೇಡಿಯೊ ಟ್ರಿಗರ್ (ತಂತಿಯಿಲ್ಲದೆ ಫ್ಲ್ಯಾಶನ್ನು ಬೆಳಗಿಸುವ ಸಾಧನ) ಹಾಕಿದ ಫ್ಲ್ಯಾಶನ್ನು ಎಡಗೈಯಲ್ಲಿ ಹಿಡಿದು, ಅದರ ಮುಂದೆ ಬೆಳಕನ್ನು ಹರಡಿ ಮೃದುವಾಗಿಸುವ ಅಗಲವಾದ ಬಿಳಿ ಡಿಫ್ಯೂಸರ್ ಕಟ್ಟಿ, ಬೆಳಕು ಮೇಲಿನಿಂದ ಓರೆಯಾಗಿ ಬೀಳುವಂತೆ ನೋಡಿಕೊಳ್ಳುತ್ತೇನೆ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುವುದರಿಂದ, ಫ್ಲ್ಯಾಶ್ ಹತ್ತಿರವಿದ್ದಾಗ ಅದರ ಪೂರ್ಣ ಶಕ್ತಿಯ 1/16ರಷ್ಟೇ ಸಾಕಾಗುತ್ತದೆ. ಅಷ್ಟು ಕಡಿಮೆ ಶಕ್ತಿಯಲ್ಲಿ ಫ್ಲ್ಯಾಶ್ ಬೆಳಗುವ ಅವಧಿಯೂ ಬಹಳ ಕಿರಿದಾಗಿರುವುದರಿಂದ, ಕೂಗುವ ಗಂಡಿನ ಉಬ್ಬಿದ ಗಂಟಲಚೀಲವೂ ಬೆರಳುಗಳ ನಡುವಿನ ಕಿತ್ತಳೆಗೆಂಪು ಪೊರೆಯೂ ಕದಡದೆ ಮೂಡುತ್ತವೆ.

ನೀರಿನ ಮೇಲೆ ಬಾಗಿದ ಎಲೆಗಳ ನಡುವೆ ಹೆಣ್ಣು ನೊರೆಗೂಡು ಕಟ್ಟುತ್ತಿದ್ದರೆ ಒಂದೆರಡು ಚಿತ್ರಗಳಿಗೇ ನಿಲ್ಲಿಸಿ, ಟಾರ್ಚನ್ನೂ ಆರಿಸಿಬಿಡುತ್ತೇನೆ. ಚಿತ್ರ ಚೆನ್ನಾಗಿ ಬರಲೆಂದು ಕಪ್ಪೆಯನ್ನು ಹಿಡಿದು ಬೇರೆ ಕೊಂಬೆಯ ಮೇಲೆ ಕೂರಿಸುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ನೀರನ್ನೂ ಗಾಳಿಯನ್ನೂ ಹೀರಿಕೊಳ್ಳುವ ಆ ತೆಳು ಚರ್ಮ, ನಮ್ಮ ಕೈಗೆ ಹಚ್ಚಿಕೊಂಡ ಸೊಳ್ಳೆ ಮುಲಾಮನ್ನೂ ಹಾಗೆಯೇ ಹೀರಿಕೊಳ್ಳಬಲ್ಲದು.